ಭಾಷೆ ಬಾರದೆಂದು ಕಲಿಕೆ ಬಿಡಬೇಡಿ



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಉರ್ದು ಮನೆಮಾತಿನ ಮಕ್ಕಳು ಕನ್ನಡಕ್ಕೋ ಇಂಗ್ಲಿಷಿಗೋ ಅಂಜಿ ಶಾಲೆ ಬಿಡುವುದುಂಟು. ಅವರಿಗಾಗಿ ನಮ್ಮ ನೆರೆಯ ಗದಗದ ಹುಡುಗನೊಬ್ಬನ ಮಾತು ಹೇಳುತ್ತೇನೆ.

ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ರೆಕಾರ್ಡ್ ಕೇಳಿ ಮನಸೋತ ಭೀಮಸೇನ ಜೋಶಿ, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಅರಸಿ ಮನೆ ಬಿಟ್ಟರು. ಮನೆಮಾತು ಕನ್ನಡ, ಗ್ವಾಲಿಯರ್, ಜಲಂಧರಗಳಲ್ಲಿ ಸುತ್ತಲೂ ಹಿಂದಿ, ಪಂಜಾಬಿ. ಆದರೂ ಕಲಿಕೆ ನಿಲ್ಲಲಿಲ್ಲ. ಮುಂದೆ ಖಾನ್ ಸಾಹೇಬರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ ಬಳಿ ಪಳಗಿದರು. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು.

ಮೊದಲು ಕಿವಿ, ಆಮೇಲೆ ನಾಲಿಗೆ. ಹೊಸ ಭಾಷೆ ಬರುವುದೂ ಹೀಗೆಯೇ. ಪಾಲಕರೇ, ತಪ್ಪು ಮಾತಿಗೆ ನಗಬೇಡಿ. ಮಕ್ಕಳೇ, ನೀವು ಮನೆ ಬಿಡಬೇಕಾಗಿಲ್ಲ, ಶಾಲೆ ಬಿಡದಿದ್ದರೆ ಸಾಕು.