ಬೆಸುಗೆಗೆ ಸಾಣೆ ಹಿಡಿಯುವ ಮುನ್ನ

(ಹೊಸೂರಿನಲ್ಲಿ ಕಾರ್ಮಿಕ ಬಂಧುಗಳ ಸಂಜೆಯ ಕೂಟವೊಂದರಲ್ಲಿ ಆಡಿದ ಮಾತುಗಳು)



ಈ ಸಂಜೆ ನಾವು ನಾಲ್ಕು ಮಾತು ಆಡಬೇಕೆಂದು ಹಿರಿಯರು ಹೇಳಿದಾಗ, ಯಾವ ವಿಷಯವಾಗಿ ಎಂದು ಕೇಳಿದೆವು. "ನಿಮಗೆ ಗೊತ್ತಿರುವುದನ್ನೇ ಹೇಳಿ" ಎಂದರು. ನಮಗೆ ಗೊತ್ತಿರುವುದು ಎರಡೇ ಸಂಗತಿ. ಒಂದನ್ನು ನೀವು ಭಾನುವಾರ ಭಾನುವಾರ ನಮ್ಮ ಬಾಯಿಂದ ಕೇಳಿ ಸಾಕಾಗಿದ್ದೀರಿ. ಉಳಿದದ್ದು ಗ್ರೈಂಡರ್ ಹಿಡಿಯುವ ಕೆಲಸ. ಆದ್ದರಿಂದ ಇಂದು ಬೆಸುಗೆಯನ್ನು ನುಣುಪು ಮಾಡುವ ವಿಷಯವನ್ನೇ ಎತ್ತಿಕೊಂಡಿದ್ದೇವೆ. ಇಲ್ಲಿ ಕುಳಿತಿರುವ ಹುಡುಗರಲ್ಲಿ ಅರ್ಧಕ್ಕರ್ಧ ಜನ ನಾಳೆ ಬೆಳಿಗ್ಗೆ ಯಾವುದಾದರೂ ಶೆಡ್ಡಿನಲ್ಲಿ ಇದೇ ಕೆಲಸಕ್ಕೆ ಕೂರುವವರು. ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ನಮ್ಮ ಶೆಡ್ಡುಗಳಲ್ಲಿ ಮೇಸ್ತ್ರಿ ಯಾವ ಭಾಷೆಯಲ್ಲಿ ಕೂಗಿದರೂ ಅರ್ಥ ಒಂದೇ: "ಚೆನ್ನಾಗಿ ಉಜ್ಜು, ಗಾಜಿನ ಹಾಗೆ ಬರಲಿ!" ಎಷ್ಟು ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಹೇಳುವವರು ಕಡಿಮೆ.

ಮೊದಲಿಗೆ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇವೆ. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಒಂದು ಟ್ರಾಕ್ಟರ್ ಟ್ರೈಲರಿನ ಮೂತಿಯ ಕೆಲಸ ಬಂತು. ಟ್ರಾಕ್ಟರಿಗೆ ಸಿಕ್ಕಿಸುವ ಆ ಕೊಂಡಿಯ ತಟ್ಟೆಗಳನ್ನು ನಮ್ಮ ವೆಲ್ಡರ್ ಅಣ್ಣ ಒಳ್ಳೆಯ ಕೈಯಿಂದ ಬೆಸೆದಿದ್ದರು. 6 ಮಿಲಿಮೀಟರಿನ ಮೂಲೆ ಬೆಸುಗೆ, ಮೀನಿನ ಹೊಪ್ಪಳಿಕೆಯಂತೆ ಒಂದರ ಮೇಲೊಂದು ಕೂತಿತ್ತು. ಗಿರಾಕಿ ಬಂದು, "ಬೆಸುಗೆ ಕಾಣಬಾರದು, ಒಂದೇ ಕಬ್ಬಿಣದ ಹಾಗೆ ಕಾಣಬೇಕು" ಎಂದ. ಮಾಲೀಕರು ನಮ್ಮ ಕಡೆ ನೋಡಿದರು. ನಾವು ಒಂದು ಗಂಟೆ ಕುಳಿತು ಆ ಮೂಲೆಯನ್ನು ದೋಣಿಯ ಒಳಮೈ ಹಾಗೆ ತಗ್ಗಾಗುವ ತನಕ ಉಜ್ಜಿದೆವು. ಕೆಂಪು ಬಣ್ಣ ಬಳಿದಾಗ ಬಲು ಚೆಂದ ಕಂಡಿತು. ಮಾಲೀಕರು ಟೀ ಕೊಡಿಸಿದರು.

ಮೂರು ತಿಂಗಳಾದ ಮೇಲೆ ಇಟ್ಟಿಗೆ ತುಂಬಿಕೊಂಡು ಏರು ಹತ್ತುವಾಗ ಆ ಮೂತಿ ಕಿತ್ತು, ಟ್ರೈಲರ್ ಹಿಂದಕ್ಕೆ ಉರುಳಿ ಹಳ್ಳಕ್ಕೆ ಬಿತ್ತು. ಮೇಲೆ ಕುಳಿತಿದ್ದ ಹಮಾಲಿಯೊಬ್ಬನ ಕಾಲು ಮುರಿಯಿತು. ಮುರಿದ ತುಂಡು ಶೆಡ್ಡಿಗೆ ವಾಪಸು ಬಂತು. ಬೆಸುಗೆ ತಟ್ಟೆಯಿಂದ ಎದ್ದು ಬಂದಿರಲಿಲ್ಲ, ಹಿಡಿತ ಚೆನ್ನಾಗಿಯೇ ಇತ್ತು. ಸೀಳಿದ್ದು ಬೆಸುಗೆಯ ನಟ್ಟನಡುವೆ. ಅಲ್ಲಿ ಉಳಿದಿದ್ದ ಲೋಹ ಎರಡೂವರೆ ಮಿಲಿಮೀಟರ್. ಆದರೆ ಅದನ್ನು ಅಳೆದು ನೋಡಿದವರು ಯಾರು? ಬೆಸುಗೆ ಬಿಟ್ಟಿತು ಎಂದರೆ ವೆಲ್ಡರನ ತಪ್ಪು ಎಂದೇ ಲೆಕ್ಕ. ಆ ಅಣ್ಣನನ್ನು ಕೆಲಸದಿಂದ ತೆಗೆದರು. ಗ್ರೈಂಡರ್ ಹಿಡಿದಿದ್ದ ಕೈ ನಮ್ಮದು, ಅದು ನಮಗೆ ಗೊತ್ತಿತ್ತು. ನಾವು ಬಾಯಿ ಬಿಡಲಿಲ್ಲ. ಮುಂದೆ ಎಷ್ಟೋ ವರ್ಷಗಳ ಮೇಲೆ ಅವರನ್ನು ಹುಡುಕಿಕೊಂಡು ಹೋಗಿ ಹೇಳಿದೆವು. ಅವರು, "ಆಗಲೇ ಗೊತ್ತಿತ್ತು ಕಣಪ್ಪ" ಎಂದರು. ಅಷ್ಟೇ.

ಇರಲಿ, ವಿಷಯಕ್ಕೆ ಬರೋಣ. ಆ ಮೂಲೆಯಲ್ಲಿ ಆದದ್ದು ಏನು? ಎರಡು ತಟ್ಟೆ ಮೂಲೆಯಾಗಿ ಸೇರುವಲ್ಲಿ ಹಾಕುವ ಬೆಸುಗೆಗೆ ಫಿಲೆಟ್ ಎನ್ನುತ್ತಾರೆ. ಅದಕ್ಕೆ ಎರಡು ಕಾಲು, ಒಂದು ಕುತ್ತಿಗೆ. ಒಂದೊಂದು ತಟ್ಟೆಯ ಮೇಲೆ ಎಷ್ಟು ಹರಡಿದೆಯೋ ಅದು ಕಾಲು. ಒಳಮೂಲೆಯಿಂದ ಬೆಸುಗೆಯ ಮುಖಕ್ಕೆ ಅತಿ ಹತ್ತಿರದ ದೂರ ಕುತ್ತಿಗೆ. ಭಾರವನ್ನು ಹೊರುವುದು ಈ ಕುತ್ತಿಗೆ. ಮುಖ ಸಮತಟ್ಟಾಗಿದ್ದರೆ ಕುತ್ತಿಗೆಯ ಅಳತೆ ಕಾಲಿನ 0.7 ಪಾಲು. 6 ಮಿಲಿಮೀಟರ್ ಕಾಲಿಗೆ ಸುಮಾರು 4.2 ಮಿಲಿಮೀಟರ್ ಕುತ್ತಿಗೆ. ಬೆಸುಗೆ ಉಬ್ಬಿಕೊಂಡಿದ್ದರೆ ಆ ಉಬ್ಬನ್ನು ಸಮತಟ್ಟಾಗುವ ತನಕ ತೆಗೆಯಬಹುದು, ಲೆಕ್ಕದ ಬಲಕ್ಕೆ ನಷ್ಟವಿಲ್ಲ. ಅಲ್ಲಿಂದ ಕೆಳಗೆ ಇಳಿದ ಒಂದೊಂದು ಕೂದಲೆಳೆಯೂ ಬಲದಿಂದಲೇ ಹೋಗುತ್ತದೆ. 4.2 ಇದ್ದದ್ದು 3 ಆದರೆ ನೂರಕ್ಕೆ 28ಕ್ಕಿಂತ ಹೆಚ್ಚು ಹೋಯಿತು. ನಾವು ಎರಡೂವರೆಗೆ ಇಳಿಸಿದ್ದೆವು, ಅಂದರೆ ನೂರಕ್ಕೆ 40. ಕಾಲುಗಳು ಮಾತ್ರ 6 ಮಿಲಿಮೀಟರೇ ಉಳಿದಿದ್ದವು. ಆದ್ದರಿಂದ ಕಾಲನ್ನಷ್ಟೇ ಅಳೆಯುವವನಿಗೆ ಕೆಲಸ ಸರಿಯಾಗಿಯೇ ಕಾಣುತ್ತದೆ, ಮೋಸ ಇರುವುದು ಇಲ್ಲಿ.

ಇದಕ್ಕೆ ಅಂಗಡಿಯಿಂದ ಗೇಜು ಕೊಳ್ಳಬೇಕೆಂದೇನೂ ಇಲ್ಲ. ಚೌಕವಾಗಿ ಕತ್ತರಿಸಿದ ತಗಡಿನ ತುಂಡೊಂದನ್ನು ತೆಗೆದುಕೊಳ್ಳಿ. ಅದರ ಒಂದು ಮೂಲೆಯಿಂದ ಎರಡೂ ಅಂಚಿನ ಮೇಲೆ 6 ಮಿಲಿಮೀಟರಿಗೆ ಗುರುತು ಹಾಕಿ, ಗುರುತುಗಳನ್ನು ಗೆರೆಯಿಂದ ಕೂಡಿಸಿ, ಆ ಮೂಲೆಯನ್ನು ಕತ್ತರಿಸಿ ಅರದಿಂದ ಸಮ ಮಾಡಿ. ಈಗ ತಗಡಿನ ಎರಡು ಅಂಚುಗಳನ್ನು ಎರಡು ತಟ್ಟೆಗಳಿಗೆ ಒತ್ತಿ ಹಿಡಿಯಿರಿ. ಕತ್ತರಿಸಿದ ಮೂಲೆಗೂ ಬೆಸುಗೆಗೂ ನಡುವೆ ಬೆಳಕು ಕಂಡರೆ ಬೆಸುಗೆ ಕೊರತೆಯಾಗಿದೆ. ಬೆಸುಗೆ ತಗಡನ್ನು ಎತ್ತಿ ಹಿಡಿದರೆ ಇನ್ನೂ ಉಜ್ಜಲು ಎಡೆಯಿದೆ. ಸರಿಯಾಗಿ ತಾಗಿ ಕುಳಿತರೆ ಗ್ರೈಂಡರ್ ಕೆಳಗಿಡಿ. 5ಕ್ಕೆ ಒಂದು, 8ಕ್ಕೆ ಒಂದು ಹೀಗೆ ಮೂರು ನಾಲ್ಕು ಮಾಡಿ ದಾರದಲ್ಲಿ ಪೋಣಿಸಿ ಜೇಬಿನಲ್ಲಿಟ್ಟುಕೊಂಡರೆ ಆಯಿತು.

ಎರಡು ತಟ್ಟೆಗಳನ್ನು ಅಂಚಿಗೆ ಅಂಚು ಕೂಡಿಸಿ ಬೆಸೆಯುವ ಬಟ್ ಜಾಯಿಂಟಿನ ಕತೆ ಬೇರೆ. ಅಲ್ಲಿ ಬೆಸುಗೆ ತಟ್ಟೆಯ ಅಡಿಯ ತನಕ ಪೂರ್ತಿ ಇಳಿದಿದ್ದರೆ, ಮೇಲಿನ ಉಬ್ಬು ಬಲಕ್ಕೆ ಹೆಚ್ಚೇನೂ ಸೇರಿಸುವುದಿಲ್ಲ. ಅದನ್ನು ತಟ್ಟೆಯ ಮಟ್ಟಕ್ಕೆ ತೆಗೆದರೆ ಒಂದು ಲೆಕ್ಕದಲ್ಲಿ ಒಳ್ಳೆಯದೇ. ಆದರೆ ಪೂರ್ತಿ ಇಳಿಯದ ಬೆಸುಗೆಯ ಉಬ್ಬನ್ನು ತೆಗೆದರೆ? 10 ಮಿಲಿಮೀಟರ್ ತಟ್ಟೆಯಲ್ಲಿ ಬೆಸುಗೆ 6 ಮಿಲಿಮೀಟರ್ ಮಾತ್ರ ಇಳಿದು, ಮೇಲೆ 2 ಮಿಲಿಮೀಟರ್ ಉಬ್ಬಿದೆ ಎನ್ನಿ. ಉಬ್ಬು ಹೋದ ಮೇಲೆ ಉಳಿಯುವುದು ಆ 6. ಹೊರಗಿನಿಂದ ನೋಡಿದರೆ ಅಖಂಡ ತಟ್ಟೆ! ಆದ್ದರಿಂದ ಅಡಿಯನ್ನು ನೋಡದೆ, ವೆಲ್ಡರನನ್ನು ಕೇಳದೆ ಮೇಲನ್ನು ಮಟ್ಟ ಮಾಡಬಾರದು. ವೆಲ್ಡರನಿಗೂ ಗ್ರೈಂಡರ್ ಹುಡುಗನಿಗೂ ಮಾತೇ ಇಲ್ಲದ ಶೆಡ್ಡುಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಮತ್ತೊಂದು ತಪ್ಪು ಬೆಸುಗೆಯ ಪಕ್ಕದಲ್ಲಿ ಆಗುವುದು. ಗೇಟು, ಕುರ್ಚಿ, ಮಂಚಗಳಿಗೆ ಬಳಸುವ ಪೈಪಿನ ಗೋಡೆ 2 ಮಿಲಿಮೀಟರ್ ಇದ್ದರೆ ಹೆಚ್ಚು. ಡಿಸ್ಕಿನ ಅಂಚು ಒಂದು ಸಲ ಜಾರಿ ಅರ್ಧ ಮಿಲಿಮೀಟರ್ ಕೊರೆದರೆ ಅಲ್ಲಿ ಕಾಲುಭಾಗ ಲೋಹ ಹೋಯಿತು. ಬೆಸುಗೆಯಷ್ಟೇ ಎತ್ತರ ತೆಗೆಯಬೇಕೇ ಹೊರತು ಪಕ್ಕದ ತಟ್ಟೆಗೆ ಹಳ್ಳ ತೋಡಬಾರದು. ಅದಕ್ಕೆ ನಮ್ಮ ರೂಢಿ ಹೀಗೆ: 6 ಮಿಲಿಮೀಟರ್ ದಪ್ಪದ ಗಟ್ಟಿ ಗ್ರೈಂಡಿಂಗ್ ಡಿಸ್ಕಿನಿಂದ, ಇಪ್ಪತ್ತು ಮೂವತ್ತು ಡಿಗ್ರಿ ಓರೆ ಹಿಡಿದು, ಬೆಸುಗೆಯ ತಲೆಯನ್ನು ಮಾತ್ರ ಇಳಿಸುವುದು. ಇನ್ನು ಅರ್ಧ ಮಿಲಿಮೀಟರ್ ಇದೆ ಎನ್ನುವಾಗ ಅದನ್ನು ಬಿಚ್ಚಿ 60ರ ಫ್ಲಾಪ್ ಡಿಸ್ಕ್ ಹಾಕಿ, ಇನ್ನಷ್ಟು ಮಲಗಿಸಿ ಹಿಡಿದು ಮುಗಿಸುವುದು. ಬಣ್ಣ ಬಳಿಯುವ ಕೆಲಸಕ್ಕೆ 80 ಸಾಕು. ಡಿಸ್ಕನ್ನು ಅದುಮಬಾರದು, ಯಂತ್ರದ ತೂಕವೇ ಬಹುಪಾಲು ಕೆಲಸ ಮಾಡುತ್ತದೆ. ಒಂದೇ ಕಡೆ ನಿಲ್ಲಿಸದೆ ಕೈ ಓಡುತ್ತಿರಬೇಕು.

ಗೀರುಗಳ ವಿಷಯ ಬಹಳ ಜನರಿಗೆ ತಿಳಿದಿಲ್ಲ. ಬಟ್ಟೆ ಅಂಗಡಿಯವನು ಬಟ್ಟೆ ಹರಿಯುವಾಗ ಅಂಚಿಗೆ ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕುತ್ತಾನೆ, ಆಮೇಲೆ ಸರ್ರೆಂದು ಹರಿಯುತ್ತದೆ. ಡಿಸ್ಕಿನ ಒರಟು ಗೀರು ಲೋಹಕ್ಕೆ ಆ ಕಚ್ಚು ಇದ್ದ ಹಾಗೆ. ಜಗ್ಗುವ ಬಲಕ್ಕೆ ಅಡ್ಡವಾಗಿ ಬಿದ್ದ ಗೀರು ಕೆಟ್ಟದ್ದು, ಜಗ್ಗುವ ದಿಕ್ಕಿನಲ್ಲೇ ಬಿದ್ದದ್ದು ಅಷ್ಟು ಕೆಡಕಲ್ಲ. ಆದ್ದರಿಂದ ಜೋಡಣೆಯನ್ನು ಅಗಲಿಸುವಂತೆ ಜಗ್ಗುವ ಬಲ ಇದ್ದಲ್ಲಿ ಕೊನೆಯ ಕೈ ಬೆಸುಗೆಯ ಉದ್ದಕ್ಕೆ ಎಳೆಯಬಾರದು. ಒಂದು ತಟ್ಟೆಯಿಂದ ಬೆಸುಗೆಯನ್ನು ದಾಟಿ ಇನ್ನೊಂದು ತಟ್ಟೆಗೆ ಎಳೆಯಬೇಕು. ಕೈಗೆ ಉದ್ದಕ್ಕೆ ಎಳೆಯುವುದೇ ಸಲೀಸು, ಒಪ್ಪಿದೆವು.

ಒಂದೇ ಸಲ ಭಾರ ಬಿದ್ದು ಮುರಿಯುವುದು ಬೇರೆ, ಲಕ್ಷ ಸಲ ಅಲುಗಿ ಅಲುಗಿ ಮುರಿಯುವುದು ಬೇರೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೀರಲ್ಲ, ಅದೇ. 1980ರ ಮಾರ್ಚ್ 27ರಂದು ಉತ್ತರ ಸಮುದ್ರದಲ್ಲಿ ‘ಅಲೆಕ್ಸಾಂಡರ್ ಎಲ್. ಕೀಲಾಂಡ್’ ಎಂಬ ನಾರ್ವೆಯ ತೇಲುವ ವೇದಿಕೆ ಮಗುಚಿತು. ತೈಲದ ಕೆಲಸಗಾರರು ಅದರಲ್ಲಿ ವಾಸವಿದ್ದರು. ಮೇಲಿದ್ದ 212 ಮಂದಿಯಲ್ಲಿ 123 ಮಂದಿ ಸತ್ತರು. ತನಿಖೆ ಮಾಡಿದಾಗ ಸಿಕ್ಕಿದ ಮೂಲ ಏನು ಗೊತ್ತೇ? ನೀರಿನೊಳಗಿನ ಶಬ್ದ ಕೇಳುವ ಉಪಕರಣವನ್ನು ಕೂರಿಸಲು ದೊಡ್ಡ ಆಧಾರ ಕೊಳವೆಗೆ ಹಾಕಿದ್ದ 6 ಮಿಲಿಮೀಟರಿನ ಒಂದು ಮೂಲೆ ಬೆಸುಗೆ. ಅದು ವೇದಿಕೆಯ ಭಾರ ಹೊರುವ ಬೆಸುಗೆಯೇ ಅಲ್ಲ. ಅದರ ಆಕಾರ ಕೆಟ್ಟಿತ್ತು, ಅಲ್ಲಿ ಹುಟ್ಟಿದ ಬಿರುಕು ಅಲೆಯ ಏಟಿಗೆ ಬೆಳೆದು ಕೊಳವೆಯನ್ನೇ ಸುತ್ತಿಕೊಂಡಿತು. ಆ ಕೊಳವೆ ಮುರಿದ ಮೇಲೆ ಉಳಿದವೂ ಒಂದರ ಹಿಂದೆ ಒಂದು ಮುರಿದು, ಒಂದು ಕಾಲೇ ಕಳಚಿ ಹೋಯಿತು.

ಇದನ್ನು ಹೇಳಿದ್ದು ಗ್ರೈಂಡರನ್ನು ದೂರಲು ಅಲ್ಲ. ಬೆಸುಗೆ ತಟ್ಟೆಯನ್ನು ಮುಟ್ಟುವ ಅಂಚಿನಲ್ಲೇ, ಅಂದರೆ ಅದರ ಬೆರಳಿನಲ್ಲೇ, ಇಂಥ ಬಿರುಕು ಹುಟ್ಟುವುದು ಹೆಚ್ಚು. ಅಲ್ಲಿ ಕಚ್ಚು, ಹಳ್ಳ, ಕಡಿದಾದ ಮೆಟ್ಟಿಲು ಇದ್ದರೆ ಹಗುರ ಕೈಯಿಂದ ಇಳಿಜಾರು ಮಾಡಿ ತಟ್ಟೆಯೊಡನೆ ಬೆರೆಸಿದರೆ ಅಲುಗಾಟ ತಡೆಯುವ ಆಯುಸ್ಸು ಹೆಚ್ಚುತ್ತದೆ. ಸೇತುವೆ, ಕ್ರೇನುಗಳಲ್ಲಿ ಇದನ್ನು ಬೇಕೆಂದೇ ಮಾಡಿಸುತ್ತಾರೆ. ಅದೇ ಗ್ರೈಂಡರ್, ಅದೇ ಕೈ. ಕುತ್ತಿಗೆ ಕೊಯ್ಯುವುದೂ ಅದೇ, ಕಾಪಾಡುವುದೂ ಅದೇ.

ಬಿಸಿಯ ಬಗ್ಗೆ ಎರಡು ಮಾತು. ಒಂದೇ ಕಡೆ ಒತ್ತಿ ಹಿಡಿದರೆ ಲೋಹ ನೀಲಿಗೆ ತಿರುಗುತ್ತದೆ, ಸುಮಾರು 300 ಡಿಗ್ರಿ ಮುಟ್ಟಿತು ಎಂದು ತಿಳಿಯಿರಿ. ಸಾದಾ ಕಬ್ಬಿಣಕ್ಕೆ ಅದರಿಂದ ದೊಡ್ಡ ಕೇಡಿಲ್ಲ. ಆದರೆ ಲಾರಿಯ ಪಟ್ಟಿ ಸ್ಪ್ರಿಂಗಿನಂಥ ಗಡಸು ಉಕ್ಕನ್ನು ಹಾಗೆ ಕಾಯಿಸಿ ನೀರು ಸುರಿದರೆ ಕೂದಲಿನಂಥ ಬಿರುಕು ಬಿಡಬಹುದು. ತಾನಾಗಿ ಆರಲಿ. ಸ್ಟೇನ್‌ಲೆಸ್ ಸ್ಟೀಲಿಗೆ ಬೇರೆಯೇ ಡಿಸ್ಕ್ ಇಟ್ಟುಕೊಳ್ಳಿ. ಕಬ್ಬಿಣ ಉಜ್ಜಿದ ಡಿಸ್ಕಿನಿಂದ ಅದನ್ನು ಉಜ್ಜಿದರೆ ಕಬ್ಬಿಣದ ಕಣ ಅಂಟಿ, ಮಳೆಗಾಲ ಮುಗಿಯುವಷ್ಟರಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ.

ಇನ್ನು ಮುಚ್ಚಿಡುವ ವಿದ್ಯೆ. ಬೆಸುಗೆಯಲ್ಲಿ ಸೂಜಿಮೊನೆಯ ತೂತುಗಳು ಕಂಡರೆ ಡಿಸ್ಕನ್ನು ಮಲಗಿಸಿ ಉಜ್ಜಿ, ಮೇಲಿನ ಲೋಹವನ್ನೇ ಎಳೆದು ತೂತಿನ ಬಾಯಿ ಮುಚ್ಚುವವರಿದ್ದಾರೆ. ಉಳಿದದ್ದಕ್ಕೆ ಪುಟ್ಟಿ, ಅದರ ಮೇಲೆ ಬಣ್ಣ. ಬಿರುಕಿನ ಬಾಯಿಯೂ ಹೀಗೆ ಮುಚ್ಚಿಹೋಗಿ, ಕೆಂಪು ದ್ರಾವಣ ಬಳಿದು ನೋಡುವ ಪರೀಕ್ಷೆಗೂ ಸಿಕ್ಕದಿರಬಹುದು. ತೂತು, ಬೂದಿ, ಬಿರುಕು ಏನೇ ಸಿಕ್ಕಲಿ, ಒಳ್ಳೆಯ ಲೋಹ ಕಾಣುವ ತನಕ ತೋಡಿ ತೆಗೆದು ಮತ್ತೆ ಬೆಸೆಯಬೇಕು. "ಅಷ್ಟಕ್ಕೆ ಸಮಯ ಎಲ್ಲಿ?" ಎಂದು ಮೇಸ್ತ್ರಿ ಕೇಳುತ್ತಾನೆ. ಸಮಯ ಉಳಿಸಬೇಕಾದ ಜಾಗ ಬೇರೆ ಇದೆ. 6 ಸಾಕಾದಲ್ಲಿ 8 ಮಿಲಿಮೀಟರ್ ಬೆಸುಗೆ ಹಾಕಿದರೆ ಬೇಕಾಗುವ ಲೋಹ ಮುಕ್ಕಾಲು ಪಾಲಿಗಿಂತ ಹೆಚ್ಚಾಗುತ್ತದೆ. ಅದನ್ನು ಸುರಿಯುವುದಕ್ಕೂ ಕೂಲಿ, ಮತ್ತೆ ಉಜ್ಜಿ ತೆಗೆಯುವುದಕ್ಕೂ ಕೂಲಿ!

ಕೈ ಕಣ್ಣಿನ ಮಾತು ಬಿಟ್ಟರೆ ಸಂಘದವರು ನಮ್ಮನ್ನು ಬಿಡುವುದಿಲ್ಲ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅಷ್ಟಾದರೆ ಡಿಸ್ಕಿನ ಅಂಚು ಗಂಟೆಗೆ 200 ಕಿಲೋಮೀಟರಿಗಿಂತ ವೇಗವಾಗಿ ಓಡುತ್ತಿರುತ್ತದೆ. ಗಾರ್ಡು ಬಿಚ್ಚಿ, ಬುಷ್ ಹಾಕಿ, ಏಳಿಂಚಿನ ಡಿಸ್ಕನ್ನು ಇದಕ್ಕೆ ಕೂರಿಸುವವರನ್ನು ನೋಡಿದ್ದೇವೆ. ಆ ಡಿಸ್ಕಿನ ಮೇಲೆ ಬರೆದ ಸುತ್ತು 8,500ರ ಆಸುಪಾಸು. ಬರೆದದ್ದನ್ನು ಓದಿ. ಕತ್ತರಿಸುವ ತೆಳು ಡಿಸ್ಕಿನ ಮಗ್ಗುಲಿನಿಂದ ಉಜ್ಜಬೇಡಿ, ಅದು ಸಿಡಿಯುತ್ತದೆ. ಹೊಸ ಡಿಸ್ಕ್ ಹಾಕಿದರೆ ಮುಖದಿಂದ ಆಚೆ ಹಿಡಿದು ಒಂದು ನಿಮಿಷ ಬರಿದೇ ತಿರುಗಿಸಿ. ಕಣ್ಣಿಗೆ ಕಿಡಿ ಬಿದ್ದರೆ ಉಜ್ಜಬೇಡಿ. ಬೆಂಕಿಕಡ್ಡಿಯಿಂದ ತೆಗೆಯುವ ಪಕ್ಕದವನ ಕೈಗೆ ಕಣ್ಣು ಕೊಡಬೇಡಿ, ಆಸ್ಪತ್ರೆಗೆ ಹೋಗಿ. ಕಬ್ಬಿಣದ ಕಣ ಕಣ್ಣಿನ ಮೇಲೆಯೇ ತುಕ್ಕಿನ ಉಂಗುರ ಕಟ್ಟುತ್ತದೆ. ಕಣ್ಣಿಗೆ ರಕ್ಷಣೆ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 35ನೇ ಕಲಮಿನಲ್ಲೇ ಬರೆದಿತ್ತು. ಕನ್ನಡಕವನ್ನು ಉಪಕಾರವೆಂದು ಕೇಳಬೇಕಾಗಿಲ್ಲ.

ಕೇಳಬೇಕಾದದ್ದು ಇನ್ನೊಂದಿದೆ. ಯಾವ ಬೆಸುಗೆಯನ್ನು ಉಜ್ಜಬೇಕು, ಯಾವುದನ್ನು ಮುಟ್ಟಬಾರದು ಎಂಬುದು ನಕ್ಷೆಯ ಮೇಲೆ ಇರಬೇಕು. ಅಮೆರಿಕದ ಪದ್ಧತಿಯ ನಕ್ಷೆಗಳಲ್ಲಿ ಬೆಸುಗೆಯ ಗುರುತಿನ ಮೇಲೆ ಒಂದು ಅಡ್ಡಗೆರೆ, ಅದರ ಮೇಲೆ ‘ಜಿ’ ಅಕ್ಷರ ಇರುತ್ತದೆ, ಉಜ್ಜಿ ಮಟ್ಟ ಮಾಡು ಎಂದು ಅರ್ಥ. ನಕ್ಷೆಯೇ ಇಲ್ಲದ ಶೆಡ್ಡಿನಲ್ಲಿ ಸೀಮೆಸುಣ್ಣದಿಂದಾದರೂ ಗುರುತು ಮಾಡಿಸಿಕೊಳ್ಳಿ, ಗುರುತು ಮಾಡಿದವರು ಯಾರೆಂದು ನೆನಪಿಡಿ. ತುಂಡಿಗಿಷ್ಟು ಎಂದು ಕೂಲಿ ಕೊಟ್ಟು, ಹೊಳಪು ನೋಡಿ ಹಣ ಎಣಿಸುವ ಕಡೆ ಹುಡುಗನೊಬ್ಬನೇ "ಇಷ್ಟು ಸಾಕು" ಎಂದು ಹೇಳಲಾರ. ನಾವೂ ಹೇಳಲಿಲ್ಲವಲ್ಲ. ಅದಕ್ಕೇ ವೆಲ್ಡರ್, ಗ್ರೈಂಡರ್ ಇಬ್ಬರೂ ಒಟ್ಟಿಗೆ ಹೋಗಿ ಹೇಳಬೇಕು.

ಮೇಜಿನ ಮೇಲೆ ಅಡ್ಡ ಕೊಯ್ದ ನಾಲ್ಕು ಬೆಸುಗೆಯ ತುಂಡುಗಳಿವೆ. ಎರಡು ಸರಿಯಾಗಿವೆ, ಎರಡು ಅತಿಯಾಗಿ ಉಜ್ಜಿದವು. ಪಕ್ಕದಲ್ಲಿ ತಗಡು, ಕತ್ತರಿ, ಅರ ಇಟ್ಟಿದ್ದೇವೆ. ಕಾಫಿ ಕುಡಿದು ಬನ್ನಿ, ಒಬ್ಬೊಬ್ಬರೂ ಒಂದು ಗೇಜು ಮಾಡಿಕೊಂಡು ಮನೆಗೆ ಹೋಗೋಣ.