ನಮ್ಮ ಮಕ್ಕಳ ಪದಸಂಪತ್ತು
(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಪಂಡಿತರಲ್ಲ. ವಾರವಿಡೀ ಬ್ಯಾಂಕಿನಲ್ಲಿ ಲೆಕ್ಕ ಬರೆದು, ರವಿವಾರ ಬೆಳಿಗ್ಗೆ ನಮ್ಮ ಮಕ್ಕಳಿಗೆ ಕನ್ನಡ ಹೇಳಿಕೊಡುವವರು. ಆ ಅನುಭವದ ಎರಡು ಮಾತುಗಳನ್ನು ತಮ್ಮ ಮುಂದಿಡುತ್ತೇವೆ.

ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಹೀಗೆ ನಮ್ಮ ಮಕ್ಕಳ ಬಾಳು. "ಅಪ್ಪನಿಗೆ ರಾಗ ಬಂದಿದೆ" ಎಂದು ಒಬ್ಬ ಹುಡುಗ ಹೇಳಿದಾಗ ನಾವು ನಕ್ಕೆವು. ಮರಾಠಿಯಲ್ಲಿ ರಾಗವೆಂದರೆ ಸಿಟ್ಟೂ ಹೌದು. ನಮ್ಮಲ್ಲಿ ಅದು ಹಾಡಿಗೆ ಸೇರಿದ್ದು. ನಗುವ ಬದಲು 'ಸಿಟ್ಟು' ಎಂಬ ಮಾತನ್ನು ಅವನ ಕಿವಿಗೆ ಹಾಕಬೇಕಿತ್ತು.

ಮೊದಮೊದಲು ನಾವು ಇಪ್ಪತ್ತು ಶಬ್ದ ಬರೆಯಿಸಿ, ಬಾಯಿಪಾಠ ಮಾಡಿಸಿ, ಪರೀಕ್ಷೆ ಇಡುತ್ತಿದ್ದೆವು. ಇಪ್ಪತ್ತಕ್ಕೆ ಇಪ್ಪತ್ತು ಅಂಕ! ಮುಂದಿನ ವಾರ ಮಾತಿಗೆಳೆದರೆ ಅವುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಖಾತೆಯಲ್ಲಿ ಜಮೆ ಇದ್ದರೆ ಸಾಲದು, ಬೇಕಾದಾಗ ತೆಗೆಯಲು ಬರಬೇಕಷ್ಟೆ.

ಇದಕ್ಕಿಂತ ದೊಡ್ಡ ತಪ್ಪನ್ನೂ ನಾವೇ ಮಾಡಿದೆವು. ಚಿತ್ರ ನೋಡಿ ಹೆಸರು ಬರೆಯುವ ಪರೀಕ್ಷೆಯಲ್ಲಿ ಒಬ್ಬ ಹುಡುಗಿ 'ಕಸಬರಿಗೆ' ಎಂದು ಬರೆದಿದ್ದಳು. ನಮ್ಮ ಉತ್ತರಪಟ್ಟಿಯಲ್ಲಿ 'ಪೊರಕೆ' ಎಂದಿತ್ತು. ಕೆಂಪು ಗೀಟು ಎಳೆದೆವು. ಮರುವಾರ ಧಾರವಾಡದ ಕಡೆಯ ಅವಳ ಅಜ್ಜಿಯೇ ಬಂದರು. "ಐವತ್ತು ವರ್ಷ ಕಸಬರಿಗೀಲೆ ಕಸಾ ಹೊಡದೇನ್ರೀ. ಅದು ಕನ್ನಡ ಅಲ್ಲೇನು? ಹುಡುಗಿ ಈಗ ನನ್ನ ಜೋಡಿ ಮಾತಾಡಾಕ ಅಂಜತಾಳ" ಎಂದರು. ನಾವು ತಲೆ ತಗ್ಗಿಸಿದೆವು.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಜರ್ಮನಿಯಿಂದ ಬಂದ ಆ ಪಾದ್ರಿ ಮೈಸೂರಿನ ಮಾತು, ದಕ್ಷಿಣ ಮರಾಠಾ ಸೀಮೆಯ ಮಾತು ಎಂದು ಗುರುತು ಹಾಕಿ ಎಲ್ಲವನ್ನೂ ಒಳಗೆ ಕರೆದುಕೊಂಡರು. ನಾವಾದರೋ ಮನೆಯವರನ್ನೇ ಹೊರಗೆ ನಿಲ್ಲಿಸಿದ್ದೆವು!

ಈಗ ಕ್ರಮ ಬದಲಾಗಿದೆ. ಪ್ರತಿ ಮಗುವೂ ವಾರಕ್ಕೆ ಐದು ಮಾತುಗಳನ್ನು ಮನೆಯ ಹಿರಿಯರಿಂದ ಕೇಳಿ ತರಬೇಕು. ಹಲಗೆಯ ಮೇಲೆ ಪೊರಕೆ, ಕಸಬರಿಗೆ, ಕರಾವಳಿಯ ಹಿಡಿಸೂಡಿ ಸಾಲಾಗಿ ನಿಲ್ಲುತ್ತವೆ. ಅರ್ಥ ಹೇಳಿದರೆ ಅರ್ಧ ಅಂಕ, ತನ್ನದೇ ವಾಕ್ಯದಲ್ಲಿ ಬಳಸಿದರೆ ಪೂರ್ಣ ಅಂಕ. ತಿಂಗಳು ಕಳೆದ ಮೇಲೆ ಅದೇ ಮಾತನ್ನು ಮತ್ತೆ ಕೇಳುತ್ತೇವೆ, ಏಕೆಂದರೆ ನಾಳೆಗೆ ನೆನಪಿದ್ದದ್ದು ನಾಡಿದ್ದಿಗೆ ಇರುವುದೆಂಬ ಭರವಸೆಯಿಲ್ಲ.

ತಾಯಿ-ತಂದೆಯರಲ್ಲಿ ಒಂದೇ ಬಿನ್ನಹ. ಊಟಕ್ಕೆ ಕುಳಿತಾಗ ನಿಮ್ಮ ನಿಮ್ಮ ಊರಿನ ಕನ್ನಡದಲ್ಲೇ ಮಾತನಾಡಿರಿ. ಮಗು ತಡವರಿಸಿದರೆ ನಗಬೇಡಿರಿ. ಆ ಹುಡುಗಿ ಈಗ ಪ್ರತಿ ವಾರ ಅಜ್ಜಿಯ ಐದು ಮಾತುಗಳನ್ನು ತರುತ್ತಾಳೆ. ಅವುಗಳಲ್ಲಿ ಎರಡು ಮೂರು ನಮಗೂ ಹೊಸವು.