ಎರಡು ದೇಶಗಳ ಸಂವಿಧಾನಗಳನ್ನು ಹೋಲಿಸುವ ಬಗೆ



ಕೆನಡಾ ದೇಶದ ಭಾಷಾ ಅಲ್ಪಸಂಖ್ಯಾತರಿಗಿರುವ ಹಕ್ಕು ನಮಗೇಕಿಲ್ಲವೆಂದು ಕೇಳುವವರುಂಟು. ಉತ್ತರಿಸುವ ಮೊದಲು ಹೋಲಿಸುವ ಕ್ರಮವನ್ನು ಅರಿಯಬೇಕು. ಒಂದೂರಿನ ಸೇರಿನಿಂದ ಅಳೆದ ಜೋಳವನ್ನು ಇನ್ನೊಂದೂರಿನ ಸೇರಿನ ಲೆಕ್ಕಕ್ಕೆ ಹಿಡಿದರೆ ಸಂತೆಯಲ್ಲಿ ಜಗಳವಾಗುತ್ತದೆ. ವಿಧಿಗೆ ವಿಧಿಯನ್ನು ಎದುರಿಟ್ಟು ಓದುವವರ ಪಾಡೂ ಅಷ್ಟೆ.

ಮೊದಲು ಪ್ರಶ್ನೆಯೊಂದನ್ನು ಹಿಡಿಯಬೇಕು, ವಿಧಿಯ ಸಂಖ್ಯೆಯನ್ನಲ್ಲ. ರಾಜ್ಯದ ಬಹುಸಂಖ್ಯಾತರ ಭಾಷೆಯನ್ನಾಡದ ಮಗುವಿಗೆ ಮನೆಮಾತಿನಲ್ಲಿ ಪಾಠ ದೊರೆಯುವುದೆ? ಇದು ನಮ್ಮ ಪ್ರಶ್ನೆ.

1956ರ ಏಳನೆಯ ತಿದ್ದುಪಡಿಯಿಂದ ಬಂದ ನಮ್ಮ 350ಎ ವಿಧಿಯು, ಅಂತಹ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದೆನ್ನುತ್ತದೆ. ಕೆನಡಾದ 1982ರ ಹಕ್ಕುಗಳ ಸನ್ನದಿನ 23ನೆಯ ವಿಧಿಯಾದರೋ ತಂದೆತಾಯಿಗಳಿಗೆ ಹಕ್ಕುಂಟೆನ್ನುತ್ತದೆ. ಭಂಗವಾದರೆ ನ್ಯಾಯಾಲಯಕ್ಕೆ ಹೋಗಬಹುದೆಂದು 24ನೆಯ ವಿಧಿ ಹೇಳುತ್ತದೆ. ಒಂದು ಕ್ರಿಯಾಪದದಿಂದ ಇಷ್ಟು ಅಂತರ!

ಇಲ್ಲಿಗೇ ನಿಂತವರು ಮೋಸಹೋಗುತ್ತಾರೆ. ಆ ಹಕ್ಕು ಇಂಗ್ಲಿಷ್, ಫ್ರೆಂಚ್ ಭಾಷೆಗಳೆರಡಕ್ಕೆ ಮಾತ್ರ. ಅಲ್ಲಿ ನೆಲೆಸಿದ ಕನ್ನಡಿಗನು ಕನ್ನಡ ಶಾಲೆಗಾಗಿ ಅದನ್ನು ತೋರಿಸುವಂತಿಲ್ಲ. ನಮ್ಮ ವಿಧಿಯು ಯಾವ ಭಾಷೆಯನ್ನೂ ಹೊರಗಿಡದು. ಅಲ್ಲಿನ ಪಾತ್ರೆ ಕಿರಿದು, ಆದರೆ ಗಟ್ಟಿ. ನಮ್ಮದು ಅಗಲ, ಆದರೆ ತೆಳು. ಇದು ನನ್ನ ಅಭಿಪ್ರಾಯ.

ನೆರೆಯ ವಿಧಿಗಳನ್ನೂ ತೀರ್ಪುಗಳನ್ನೂ ಕೂಡಿಸಿ ಓದಬೇಕು. 1990ರಲ್ಲಿ ಆಲ್ಬರ್ಟಾ ಪ್ರಾಂತದ ಫ್ರೆಂಚ್ ಭಾಷಿಕರ ಮೊಕದ್ದಮೆಯಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು, ಮಕ್ಕಳ ಸಂಖ್ಯೆ ಸಾಕಷ್ಟಿರುವಲ್ಲಿ ಶಾಲೆಯ ಆಡಳಿತದಲ್ಲಿಯೂ ಅವರಿಗೆ ಅಧಿಕಾರವುಂಟೆಂದಿತು. ನಮ್ಮಲ್ಲಿ ಆಡಳಿತದ ಹಕ್ಕು 30ನೆಯ ವಿಧಿಯಲ್ಲಿದೆ. ಅದು ಮೂಲಭೂತ ಹಕ್ಕು. ಆದರೆ ಅಲ್ಪಸಂಖ್ಯಾತರು ತಾವೇ ಸ್ಥಾಪಿಸಿದ ಸಂಸ್ಥೆಗೆ ಸಲ್ಲುವುದೇ ಹೊರತು ಸರ್ಕಾರಿ ಶಾಲೆಗಲ್ಲ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನಿರ್ಣಯಿಸಬೇಕೆಂದು 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಆದುದರಿಂದ ಒಂದು ಊರು ತುಂಬ ಕನ್ನಡಿಗರೇ ಇದ್ದರೂ ರಾಜ್ಯದ ಲೆಕ್ಕದಲ್ಲಿ ನಾವು ಅಲ್ಪಸಂಖ್ಯಾತರೆ.

ಇನ್ನು ಎಣಿಕೆಯ ಮಾತು. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಉಪಾಧ್ಯಾಯರನ್ನು ನೇಮಿಸಬೇಕೆಂಬುದು 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನದ ನಿರ್ಣಯ, ಸಂವಿಧಾನದ ಮಾತಲ್ಲ. ಕೆನಡಾದ ವಿಧಿಯಲ್ಲಿ ಅಂಕಿಯೇ ಇಲ್ಲ. ಆದರೆ 1990ರ ತೀರ್ಪು, ಈಗ ಕೇಳುತ್ತಿರುವವರನ್ನು ಮಾತ್ರವಲ್ಲದೆ, ಶಾಲೆ ತೆರೆದ ಮೇಲೆ ಬರಬಹುದಾದ ಮಕ್ಕಳನ್ನೂ ಗಣನೆಗೆ ತರುತ್ತದೆ. ಶಾಲೆಯೇ ಇಲ್ಲದ ಊರಿನಲ್ಲಿ ದಾಖಲಾದ ಮಕ್ಕಳೆಷ್ಟೆಂದು ಕೇಳುವ ಅಧಿಕಾರಿಯನ್ನು ಈ ತೀರ್ಪು ಕಟ್ಟಿಹಾಕದು. ಆದರೂ ಅರ್ಜಿಯಲ್ಲಿ ಇದನ್ನು ವಾದವಾಗಿ ಮುಂದಿಡಲು ಅಡ್ಡಿಯಿಲ್ಲ. ಅರ್ಜಿಯ ಒಂದು ಪ್ರತಿಯನ್ನು 350ಬಿ ವಿಧಿಯ ವಿಶೇಷಾಧಿಕಾರಿಗಳಿಗೂ ಕಳುಹಿಸಿರಿ. ಅವರ ವರದಿಯು ರಾಷ್ಟ್ರಪತಿಗಳ ಮೂಲಕ ಸಂಸತ್ತಿನ ಮುಂದೆ ಬರತಕ್ಕದ್ದು.